ಎರಡನೇ ಪ್ಯಾರಾ

ಬಸ್ಸು ಹೊಸನಗರದ ಸ್ಟ್ಯಾಂಡಿಗೆ ತಿರುಗುವ ಮುಂಚೆಯೇ ಸೀತಾರಾಮಪ್ಪನವರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ತೀರ್ಥಹಳ್ಳಿ ಬಿಟ್ಟ ಅರ್ಧ ಗಂಟೆಯಲ್ಲೇ ಓದಿ ಮುಗಿಸಿದ್ದ ಪೇಪರು. ಈಗ ಅದರಲ್ಲಿ ಉಳಿದಿದ್ದದ್ದು ಟೆಂಡರು ಜಾಹೀರಾತು ಮಾತ್ರ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತಿಯಾದ ಮೇಲೂ ಊರವರ ಬಾಯಲ್ಲಿ ಇಂಗ್ಲಿಷ್ ಮೇಷ್ಟ್ರು ಎಂದೇ ಉಳಿದುಕೊಂಡಿದ್ದ ಮನುಷ್ಯ ಅರವತ್ತೇಳು ವರ್ಷದ ಒಬ್ಬ ಹೆಂಗಸಿಗೆ ಹೆದರಿ ಹೀಗೆ ಅಡಗಿ ಕೂರಬೇಕಾಗಿ ಬಂದದ್ದಕ್ಕೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಅವರಿಗೆ ತಿಳಿಯಲಿಲ್ಲ. ಕೊನೆಗೆ ರಸ್ತೆಯ ಮೇಲೆ ಮಾಡಿಕೊಂಡರು. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವ ರಸ್ತೆ ಹೊಸನಗರವನ್ನು ಹಾದೇ ಯಾಕೆ ಹೋಗಬೇಕು? ಹೊಸನಗರದಲ್ಲಿ ಅವರ ಅಕ್ಕ ವಾಗ್ದೇವಿ ಇದ್ದಳು. ಅವಳೂ ಇದೇ ಬಸ್ಸು ಹತ್ತಬೇಕು, ಯಾಕೆಂದರೆ ಅವಳು ಹೋಗಬೇಕಾದದ್ದೂ ಸಾಗರದ ಅದೇ ಕೋರ್ಟಿಗೆ, ಅದೇ ಹನ್ನೊಂದು ಗಂಟೆಗೆ. ಸಾಗರದಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ತನಗೂ ಪಾಲಿದೆ ಎಂದು ಅವಳು ದಾವೆ ಹೂಡಿ ಎರಡು ವರ್ಷವಾಗಿತ್ತು. ಇವತ್ತು ಸೀತಾರಾಮಪ್ಪನವರ ಪಾಟೀಸವಾಲು. ಕಟಕಟೆಯಲ್ಲಿ ನಿಲ್ಲಿಸಿ, ಈಕೆ ನಿಮ್ಮ ಅಕ್ಕ ಹೌದೋ ಅಲ್ಲವೋ ಎಂದು ಕೇಳುತ್ತಾರೆ. ಅಲ್ಲ ಎನ್ನಬೇಕು. ಹಾಗೆಂದು ಅವರೇ ಬರೆದುಕೊಟ್ಟಾಗಿತ್ತು, ಇಂಗ್ಲಿಷಿನಲ್ಲಿ, ಮೂರು ಪ್ರತಿ, ಪುಟಪುಟಕ್ಕೂ ರುಜು ಹಾಕಿ.

ಪೇಪರಿನ ಕೆಳಗಿನಿಂದ ಅವಳ ಕಾಲು ಮಾತ್ರ ಕಂಡಿತು. ಸವೆದ ಚಪ್ಪಲಿ, ಎಡಗಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ. ಮೆಟ್ಟಿಲು ಹತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮುಂದಿನ ಹೆಂಗಸರ ಸೀಟಿನಲ್ಲಿ ಕೂತು, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರೊಂದನ್ನು ತೊಡೆಯ ಮೇಲಿಟ್ಟುಕೊಂಡಳು. ಆ ಕವರಿನಲ್ಲಿ ಇರುವುದೇನೆಂದು ಸೀತಾರಾಮಪ್ಪನವರಿಗೆ ಗೊತ್ತಿತ್ತು. ಅವಳು ತನ್ನ ಅಪ್ಪನಿಗೇ ಹುಟ್ಟಿದವಳು ಎಂಬುದಕ್ಕೆ ಪುರಾವೆ. ಇವರು ಅಲ್ಲವೆಂದು ಬರೆದುಕೊಟ್ಟ ಮೇಲೆ ಅವಳು ಕಾರ್ಗಲ್ಲಿಗೆ ನಾಲ್ಕು ಸಲ ಹೋಗಿ ಶಾಲೆಯ ಹಳೆಯ ದಾಖಲಾತಿ ಪುಸ್ತಕ ಹುಡುಕಿಸಿದಳಂತೆ. ವಂಶವೃಕ್ಷಕ್ಕೆ ಅರ್ಜಿ ಕೊಡಲು ಹೋದಾಗ ಗುಮಾಸ್ತ ‘ತಮ್ಮನ ಸಹಿ ಬೇಕಲ್ಲಮ್ಮ’ ಎಂದದ್ದಕ್ಕೆ ‘ಅವನಿಗೆ ಪುರುಸೊತ್ತಿಲ್ಲ’ ಎಂದಳಂತೆ. ಇದನ್ನೆಲ್ಲ ಸೀತಾರಾಮಪ್ಪನವರ ಹೆಂಡತಿ ಎಲ್ಲಿಂದಲೋ ಕೇಳಿಕೊಂಡು ಬಂದು, ಸರಿಯಾಗಿ ಊಟಕ್ಕೆ ಬಡಿಸುವಾಗಲೇ ಹೇಳುತ್ತಿದ್ದಳು. “ಈ ವಯಸ್ಸಲ್ಲಿ ಅಪ್ಪ ಯಾರು ಅಂತ ಹುಡುಕಕ್ಕೆ ಹಚ್ಚಿದ್ರಲ್ಲ ಆ ಜೀವಾನ” ಎಂದು ಸಾರು ಬಿಟ್ಟು ಒಳಗೆ ಹೋದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯಲಿಲ್ಲವೆಂದು ಅವರು ಉಣ್ಣುವುದನ್ನೇನೂ ಬಿಟ್ಟಿರಲಿಲ್ಲ, ಮೇಲೆ ಮಜ್ಜಿಗೆ ಹಾಕಿಸಿಕೊಂಡು ಇಳಿಸುತ್ತಿದ್ದರು.

ಹೊಸನಗರ ದಾಟಿ ತಿರುವುಗಳು ಶುರುವಾದ ಮೇಲೆ ಅವರ ಹೊಟ್ಟೆ ತೊಳಸತೊಡಗಿತು. ಚಿಕ್ಕಂದಿನಿಂದಲೂ ಅವರಿಗೆ ಬಸ್ಸು ಆಗುವುದಿಲ್ಲ. ಪೇಪರು ಮಡಿಸಿದರೆ ಮುಖ ಕಾಣುತ್ತದೆ, ಮಡಿಸದಿದ್ದರೆ ಗಾಳಿ ಬರುವುದಿಲ್ಲ. ಹೀಗೆ ಬೆವರುತ್ತ ಕೂತಿರುವಾಗ ಮುಂದಿನ ಸೀಟಿನಿಂದ ಒಂದು ನಿಂಬೆಹಣ್ಣು ಕೈಯಿಂದ ಕೈಗೆ ದಾಟಿಕೊಂಡು ಬಂದು ಪೇಪರಿನ ಈಚೆ ನಿಂತಿತು. ಚೀಲದಲ್ಲಿ ಕತ್ತಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಮುದುಕ ಅದನ್ನು ಹಿಡಿದುಕೊಂಡು, “ಮುಂದೆ ಕೂತಿರೋ ಅಮ್ಮ ಕೊಟ್ರು. ಮೂಸ್ತಾ ಇರ್ಬೇಕಂತೆ” ಎಂದ. ಸೀತಾರಾಮಪ್ಪನವರು ತೆಗೆದುಕೊಂಡರು. “ನಿಮಗೆ ಎಂತ ಆಗ್ಬೇಕು ಅವ್ರು?” ಎಂದು ಮುದುಕ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರಿಗೆ ಇದೂ ಪಾಟೀಸವಾಲಿನ ಒಂದು ಭಾಗ ಎನ್ನಿಸಿತು. “ಪರಿಚಯದವರು” ಎಂದರು. “ಅವ್ರು ನಿಮ್ಮ ಪರಿಚಯ ಚೆನ್ನಾಗಿ ಇಟ್ಕಂಡಿದಾರೆ ಬಿಡಿ” ಎಂದು ಮುದುಕ ಕಿಟಕಿಯ ಕಡೆ ತಿರುಗಿದ. ಸ್ಟ್ಯಾಂಡಿನಲ್ಲೇ ಅವಳು ನೋಡಿದ್ದಳು. ಪೇಪರಿನ ಹಿಂದೆ ಇರುವುದು ಯಾರೆಂದು ಅವರ ಬೆರಳು ನೋಡಿದರೂ ಅವಳಿಗೆ ತಿಳಿಯುತ್ತಿತ್ತು. ನಾಚಿಕೆಯಿಂದ ಸೀತಾರಾಮಪ್ಪನವರ ಕಿವಿ ಬಿಸಿಯಾಯಿತು. ಆದರೂ ನಿಂಬೆಹಣ್ಣಿಗೆ ಉಗುರು ಚುಚ್ಚಿ ಮೂಸಿದರು.

ತಪ್ಪೆಲ್ಲ ಪೂರ್ಣೇಶನದು ಎಂದು ಅವರು ಎಷ್ಟೋ ಸಲ ತೀರ್ಮಾನ ಮಾಡಿದ್ದರು. ಪೂರ್ಣೇಶ ಅವರ ವಕೀಲ, ಅವರದೇ ಶಿಷ್ಯ, ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಸರಿಯಾಗಿ ಮೂವತ್ತೈದು ತೆಗೆದು ಗುರುಗಳ ಕಾಲಿಗೆ ಬಿದ್ದು ಹೋದವನು. “ಸಾರ್, ನಮ್ಮಲ್ಲಿ ರೂಢಿ ಹೆಂಗಂದ್ರೆ, ಅವ್ರು ಬರ್ದಿದ್ದನ್ನ ಪ್ಯಾರಾ ಪ್ಯಾರಾ ತಗಂಡು ಎಲ್ಲಾನೂ ಸುಳ್ಳು ಅನ್ನೋದು. ಒಂದನ್ನ ಒಪ್ಪಿದ್ರೆ ಅದರ ಬಾಲ ಹಿಡ್ಕಂಡೇ ಹತ್ತತಾರೆ. ಸೂರ್ಯ ಪೂರ್ವಕ್ಕೆ ಹುಟ್ತಾನೆ ಅಂತ ಅವ್ರು ಬರ್ದಿದ್ರೂ ನಾವು ಸುಳ್ಳು, ರುಜುವಾತು ಮಾಡ್ಲಿ ಅನ್ಬೇಕು” ಎಂದು ಹೇಳಿ, ಕಂಪ್ಯೂಟರಿನಲ್ಲಿ ಸದಾ ಸಿದ್ಧವಿರುವ ಇಂಗ್ಲಿಷ್ ನಮೂನೆಗೆ ಇವರ ಹೆಸರು ತುಂಬಿ ಕೊಟ್ಟಿದ್ದ. ಅದನ್ನು ಮನೆಗೆ ತಂದು ಓದಿದ ಸೀತಾರಾಮಪ್ಪನವರಿಗೆ ಮೈ ಉರಿಯಿತು. ಹದಿನಾಲ್ಕು ಪ್ಯಾರಾ, ಹದಿನಾಲ್ಕರಲ್ಲೂ ‘ಡಿನೈಡ್ ಆ್ಯಸ್ ಫಾಲ್ಸ್’. ಒಂದೇ ಪುಟದಲ್ಲಿ ಒಂದೇ ಮಾತನ್ನು ಮೂರು ಸಲ ಬರೆದರೆ ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತಿದ್ದವರು ಅವರು. ಹಸಿರು ಪೆನ್ನಿನ ಮುಚ್ಚಳ ತೆಗೆದರು. ಪಕ್ಕದಲ್ಲಿ ಅವರ ಕೆಂಪು ರಟ್ಟಿನ ನೋಟ್‌ಬುಕ್ಕು. ಅದರಲ್ಲಿ ಒಂದಿಡೀ ಹಾಳೆ ಎದುರಾಳಿಯ ಮಾತು ತಪ್ಪೆನ್ನುವುದಕ್ಕೆ ಬೇಕಾದ ಇಂಗ್ಲಿಷ್ ಪದಗಳಿಗೇ ಮೀಸಲು. ರಿಬಟ್ ಎಂದರೆ ಬಂದ ಏಟಿಗೆ ತಿರುಗೇಟು. ಡಿಬಂಕ್ ಸ್ವಲ್ಪ ಹಗುರ, ಪೇಪರಿನವರ ಮಾತು, ಕೋರ್ಟಿಗೆ ಹೊಂದುವುದಿಲ್ಲ. ಡಿಸ್‌ಪ್ರೂವ್ ಲೆಕ್ಕದ ಮೇಷ್ಟರ ಹಾಗೆ, ಬಡಕಲು ಆದರೆ ನಂಬಿಕಸ್ಥ. ಕಾಂಟ್ರವರ್ಟ್ ಕಡು ಬೇಸಿಗೆಯಲ್ಲೂ ಕೋಟು ಬಿಚ್ಚದ ಮಾತು. ರಿಪ್ಯೂಡಿಯೇಟ್‌ನಲ್ಲಿ ಸಿಟ್ಟಿತ್ತು, ಅದನ್ನು ಕೊನೆಗೆ ಇಟ್ಟುಕೊಂಡರು. ಮದುವೆ ಮನೆಯಲ್ಲಿ ಎಲೆ ಎಲೆಗೂ ನೋಡಿ ಬಡಿಸುವವರ ಹಾಗೆ ಪ್ಯಾರಾ ಪ್ಯಾರಾಕ್ಕೂ ಒಂದೊಂದು ಹಾಕಿಕೊಂಡು ಬಂದರು. ಎರಡನೇ ಪ್ಯಾರಾಕ್ಕೆ ರೆಫ್ಯೂಟ್ ಬಂತು. ಎಲ್ಲಕ್ಕಿಂತ ಮೇಲಿನ ಮಾತು ಅದು, ಶುರುವಿನಲ್ಲೇ ಬೀಳಲಿ ಎಂದು.

ಆ ಎರಡನೇ ಪ್ಯಾರಾದಲ್ಲಿ ಏನಿತ್ತೆಂದು ಅವರು ನೋಡಿರಲಿಲ್ಲ ಎಂದರೆ ಸುಳ್ಳು, ನೋಡಿದ್ದರು ಎಂದರೂ ಪೂರ್ತಿ ನಿಜವಲ್ಲ. ವಾದಿಯು ದಿವಂಗತ ಹೂವಪ್ಪ ಮತ್ತು ಮೂಕಮ್ಮ ದಂಪತಿಯ ಹಿರಿಯ ಮಗಳು, ಪ್ರತಿವಾದಿಯ ಒಡಹುಟ್ಟಿದ ಅಕ್ಕ ಎಂದಿತ್ತು. ಕಣ್ಣು ಅದರ ಮೇಲೆ ಹಾದು, ಕೆಳಗೆ ತಾವೇ ಕಟ್ಟಿದ ವಾಕ್ಯದ ಮೇಲೆ ನಿಂತಿತು. ಉದ್ದ ವಾಕ್ಯ, ಎರಡು ಅರ್ಧವಿರಾಮ, ಕೊನೆಯಲ್ಲಿ ರೆಫ್ಯೂಟ್ ಬಂದು ಕೂತ ರೀತಿ ಅವರಿಗೇ ರೋಮಾಂಚನವಾಗುವಂತಿತ್ತು. ಹೆಂಡತಿಯನ್ನು ಕರೆದು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. “ಕೇಳಕ್ಕೇನೋ ಚೆನ್ನಾಗಿದೆ. ಎಂತ ಅಂತ ಅರ್ಥ?” ಎಂದಳು ಅವಳು. “ಕಾನೂನಿನ ಮಾತು, ನಿನಗೆ ಬೇಡ” ಎಂದರು. ಆ ಹೊತ್ತಿನಲ್ಲಿ ಅವರು ಅರ್ಥ ಹೇಳಿಬಿಟ್ಟಿದ್ದರೆ ಅವಳು ಆ ಹಾಳೆಯನ್ನು ಒಲೆಗೆ ಹಾಕುತ್ತಿದ್ದಳು, ಇವತ್ತು ಈ ಬಸ್ಸು ಹತ್ತುವ ಕೆಲಸವೇ ಇರುತ್ತಿರಲಿಲ್ಲ.

ಬಸ್ಸು ಓಲಾಡಿತು, ನಿಂಬೆಯ ಘಮ ಮೂಗಿಗೆ ಬಂತು, ಐವತ್ತೈದು ವರ್ಷದ ಹಿಂದಿನ ಕಾರ್ಗಲ್ಲಿನ ಪ್ರಾಜೆಕ್ಟ್ ಕಾಲನಿಯ ಕ್ವಾರ್ಟರ್ಸಿನಲ್ಲಿ ಅಪ್ಪ ಕಂಚಿನ ಗಂಟೆ ಹಿಡಿದು ಕೂತಿದ್ದರು. ಅಪ್ಪ ಆಫೀಸಿನಲ್ಲಿ ಟೈಪಿಸ್ಟು. ದಿನಾ ಸಂಜೆ ರದ್ದಿ ಹಾಳೆಯ ಬೆನ್ನಿಗೆ ಐದು ಇಂಗ್ಲಿಷ್ ಪದ ಟೈಪು ಮಾಡಿಕೊಂಡು ಬರುವರು. ಭಾನುವಾರ ಆ ಪದಗಳನ್ನು ಬಳಸಿ ಅಕ್ಕ ತಮ್ಮ ವಾದ ಮಾಡಬೇಕು. ನಾಡಿಗೆಲ್ಲ ಕರೆಂಟು ಕೊಡುವ ಊರಿನಲ್ಲಿ ಕೂತು ಸೀಮೆಎಣ್ಣೆ ದೀಪವೇ ಮೇಲೆಂದು ವಾದಿಸಿ ಗೆದ್ದವಳು ವಾಗ್ದೇವಿ. ತಮ್ಮ ಸೀತುವಿಗೆ ಬರುತ್ತಿದ್ದದ್ದು ನೋ ನೋ ನೋ ಮಾತ್ರ. “ಅಲ್ಲ ಅಲ್ಲ ಅಂತ ಕೂಗಿದ್ರೆ ಆಗಲ್ಲ ಮಾರಾಯ. ಹೆಂಗೆ ಅಲ್ಲ ಅಂತ ತೋರಿಸ್ಬೇಕು. ಅದಕ್ಕೇ ರೆಫ್ಯೂಟ್ ಅನ್ನೋದು” ಎಂದು ಅವಳೇ ಹೇಳಿಕೊಟ್ಟದ್ದು. ಆಗ ಅವನಿಗೆ ಒಂಬತ್ತು, ಅವಳಿಗೆ ಹನ್ನೆರಡು. ಮಾತು ಸಿಗದೆ ನಿಂತಾಗ ಅವನ ಕಣ್ಣು ತಾನೇ ಅವಳ ಮುಖಕ್ಕೆ ಹೋಗುವುದು, ಎದುರಾಳಿಯಾಗಿ ನಿಂತವಳು ಸದ್ದಿಲ್ಲದೆ ತುಟಿ ಆಡಿಸಿ ತನ್ನ ವಾದಕ್ಕೇ ವಿರುದ್ಧವಾದ ಮಾತನ್ನು ಅವನಿಗೆ ಹೇಳಿಕೊಡುವಳು. ಅದೂ ತಿಳಿಯದೆ ಅವನು ಎಲ್ಲರೆದುರು “ಮುಂದೆ ಎಂತ ಅಕ್ಕ?” ಎಂದು ಕೇಳಿಬಿಡುವನು. ಅಪ್ಪ ನಗುತ್ತ ಗಂಟೆ ಬಾರಿಸುವರು. ಅದೇ ಅಪ್ಪ, ಅವಳ ಎಸ್ಸೆಸ್ಸೆಲ್ಸಿ ಮುಗಿದ ವರ್ಷ, ಒಬ್ಬರನ್ನು ಓದಿಸುವುದಾದರೆ ಗಂಡನ್ನೇ ಓದಿಸಬೇಕಲ್ಲವೇ ಎಂದು ನಗದೆ ಹೇಳಿದರು. ಆ ಮಾತಿಗೆ ಎದುರು ಹೇಳಲು ಅವಳಿಗೆ ನೂರು ಪದ ಗೊತ್ತಿತ್ತು. ಅವಳು ಅಪ್ಪನ ಮುಂದಿದ್ದ ಗಂಟೆ ಎತ್ತಿ ಗೂಡಿನಲ್ಲಿಟ್ಟಳು. ಬಾಗಿಲ ಬಳಿ ನಿಂತಿದ್ದ ಸೀತುವಿಗೆ ಒಳಗೊಳಗೆ ಖುಷಿಯಾಗಿತ್ತು. ಇನ್ನು ಭಾನುವಾರ ಸೋಲಬೇಕಾಗಿಲ್ಲ ಎಂದು. ಆ ಖುಷಿ ಐವತ್ತು ವರ್ಷದ ಮೇಲೂ ಅವರ ಎದೆಯಲ್ಲಿ ಹಳೇ ಮುಳ್ಳಿನಂತೆ ಕೂತಿತ್ತು, ತೆಗೆದೇನೆಂದರೆ ಬರುತ್ತಿರಲಿಲ್ಲ.

ದಾವೆಗೆ ಮೂಲ ಮನೆಯಲ್ಲ, ಒಂದು ಮದುವೆಯ ಪಂಕ್ತಿ. ಮೂರು ವರ್ಷದ ಹಿಂದೆ, ಹೊಸನಗರದ ಛತ್ರದಲ್ಲಿ, ಕೈ ತೊಳೆದು ಎಲೆಅಡಿಕೆ ಹಾಕಿಕೊಳ್ಳುತ್ತ ಕೂತ ಹತ್ತು ಜನರೆದುರು ಸೀತಾರಾಮಪ್ಪನವರು ಸಾಗರದ ಮನೆಯನ್ನು ತಾವು ಮೇಷ್ಟರ ಸಂಬಳದಲ್ಲಿ ಹೊಟ್ಟೆಬಟ್ಟೆ ಕಟ್ಟಿ ಎಬ್ಬಿಸಿದ ಕಥೆ ಹೇಳುತ್ತಿದ್ದರು. ಹೇಳಿ ಹೇಳಿ ಅವರಿಗೇ ಅದು ನಿಜವಾಗಿತ್ತು. ಆಚೆ ಕಡೆಯಿಂದ ವಾಗ್ದೇವಿ, ಯಾವ ದ್ವೇಷವೂ ಇಲ್ಲದೆ, ಅಡಿಕೆಯ ಚೂರು ಬಾಯಿಗೆ ಹಾಕಿಕೊಳ್ಳುತ್ತ, “ಸೀತು, ಆ ಮನೆ ಒಕ್ಕಲಾದಾಗ ನೀ ಎರಡನೇ ಬಿ.ಎ. ಅಲ್ವನಾ? ಶಿವಮೊಗ್ಗದಿಂದ ಬರಕ್ಕೆ ಅಪ್ಪನೇ ಬಸ್ ಚಾರ್ಜ್ ಕಳಿಸಿದ್ದು. ಗೋಡೆಗೆ ನೀರು ಹೊಡೆದವಳು ನಾನು, ಇಪ್ಪತ್ತೊಂದು ದಿನ” ಎಂದಳು. ಹತ್ತೂ ಜನ ನಕ್ಕರು. ಅವಳು ರೆಫ್ಯೂಟ್ ಮಾಡಿದ್ದಳು, ಆ ಪದ ಬಳಸದೆಯೇ. ಅದಾದ ತಿಂಗಳಿಗೆ ಅವಳು ಫೋನು ಮಾಡಿ, ಅಂಗನವಾಡಿಯಿಂದ ನಿವೃತ್ತಿಯಾಗಿ ಬಹಳ ದಿನವಾಯಿತು, ಸಾಗರದ ಮನೆಯ ರಸ್ತೆ ಕಡೆಯ ಕೋಣೆ ಕೊಟ್ಟರೆ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ ಎಂದಾಗ, ಬೇರೆ ಯಾವ ವಿಷಯ ಹೇಳಿದ್ದರೂ ಅವರು ಕೊಡುತ್ತಿದ್ದರೇನೋ. ಇಂಗ್ಲಿಷ್ ಎಂದದ್ದೇ ಕೆಟ್ಟಿತು. “ಬೇಕಾದ್ರೆ ಕೋರ್ಟಿಗೆ ಹೋಗು” ಎಂದು ಫೋನು ಇಟ್ಟರು. ಅವಳು ಹೋದಳು.

ಕೋರ್ಟಿನ ಮೆಟ್ಟಿಲ ಬಳಿ ಪೂರ್ಣೇಶ ಕಾಯುತ್ತಿದ್ದ. “ಸಾರ್, ಸುಲಭ. ಅವ್ರು ‘ಎಂದರೆ ಸರಿಯೇ’ ಅಂತಾರೆ, ನೀವು ‘ಸರಿಯಲ್ಲ’ ಅನ್ನಿ. ಜಾಸ್ತಿ ಮಾತು ಬೇಡ. ನಿಮಗೆ ಮಾತು ಗೊತ್ತಿರೋದೇ ನಂಗೆ ಭಯ.” ಅಕ್ಕನ ವಕೀಲೆ ಅಪರ್ಣಾ ಎಂಬ ಚಿಕ್ಕ ಪ್ರಾಯದ ಹುಡುಗಿ, ದನಿ ಎತ್ತದೆ ಶುರು ಮಾಡಿದಳು. “ನೀವು ತೀರ್ಥಹಳ್ಳಿಯಲ್ಲಿ ಇಂಗ್ಲಿಷ್ ಶಿಕ್ಷಕರಾಗಿದ್ದಿರಿ ಎಂದರೆ ಸರಿಯೇ?” “ಸರಿಯಲ್ಲ” ಎಂದರು ಸೀತಾರಾಮಪ್ಪನವರು. ಹಿಂದೆ ಯಾರೋ ಕಿಸಕ್ಕೆಂದರು, ಪೂರ್ಣೇಶ ಕೆಮ್ಮಿದ. ಮೂವತ್ತಮೂರು ವರ್ಷದ ಬದುಕನ್ನು ಒಂದೇ ಮಾತಿಗೆ ತೊಳೆದುಕೊಂಡದ್ದು ಅವರಿಗೆ ಆಮೇಲೆ ತಿಳಿದು, ಸರಿ ಎಂದು ತಿದ್ದಿಕೊಂಡರು. ನಿಮ್ಮ ತಂದೆ ಕಾರ್ಗಲ್ಲಿನಲ್ಲಿ ಟೈಪಿಸ್ಟ್ ಆಗಿದ್ದರು ಎಂದರೆ ಸರಿಯೇ? ಸರಿಯಲ್ಲ. ದಾವಾ ಮನೆಯನ್ನು ಅವರೇ ಕಟ್ಟಿಸಿದ್ದು ಎಂದರೆ ಸರಿಯೇ? ಸರಿಯಲ್ಲ. ಕೋರ್ಟಿನ ಟೈಪಿಸ್ಟಿನ ಬೆರಳು ಟಕಟಕ ಓಡುತ್ತಿತ್ತು, ಅಪ್ಪನ ಬೆರಳಿನ ಹಾಗೆ. ಹೇಳುತ್ತ ಹೋದ ಹಾಗೆ ಸರಿಯಲ್ಲ ಎನ್ನುವುದಕ್ಕೆ ಒಂದು ಲಯ ಬಂತು, ಸುಖವೂ ಬಂತು. ಭಾನುವಾರಗಳಲ್ಲಿ ಸೋತದ್ದನ್ನೆಲ್ಲ ಒಟ್ಟಿಗೇ ಗೆಲ್ಲುತ್ತಿರುವ ಹಾಗಿತ್ತು. ಬೆಂಚಿನ ತುದಿಯಲ್ಲಿ ಕವರು ಹಿಡಿದು ಕೂತಿದ್ದವಳ ಕಡೆ ಮಾತ್ರ ಅವರು ನೋಡಲಿಲ್ಲ.

ನ್ಯಾಯಾಧೀಶರು ಕಡತದಲ್ಲಿ ಇವರ ಇಂಗ್ಲಿಷ್ ಹೇಳಿಕೆಯನ್ನು ತಿರುವಿ ಹಾಕುತ್ತಿದ್ದರು. “ಇಂಥ ಇಂಗ್ಲಿಷ್ ನೋಡಿ ಬಹಳ ದಿನ ಆಯ್ತು. ವಕೀಲರು ಬರೆದದ್ದಾ, ನೀವಾ?” ಪೂರ್ಣೇಶ ಬೇಡ ಬೇಡ ಎಂದು ಕಣ್ಣು ಬಿಟ್ಟ. ಹೊಗಳಿದವರ ಎದುರು ಸುಳ್ಳು ಹೇಳುವುದು ಸೀತಾರಾಮಪ್ಪನವರ ಕೈಲಾಗದ ಕೆಲಸ. “ನಾನೇ ಬರೆದದ್ದು ಸ್ವಾಮಿ, ಪೂರ್ತಿ” ಎಂದರು. “ಹಾಗಾದ್ರೆ ಎರಡನೇ ಪ್ಯಾರಾದ ಅರ್ಥ ಕನ್ನಡದಲ್ಲಿ ಹೇಳಿಬಿಡಿ, ಬರ್ಕೊಳ್ಳೋಣ.” ಸೀತಾರಾಮಪ್ಪನವರು ಗಂಟಲು ಸರಿಮಾಡಿಕೊಂಡರು. “ವಾದಿಯು ತಾನು ಪ್ರತಿವಾದಿಯ ಸಹೋದರಿಯೆಂದು ಮಾಡಿರುವ ಪ್ರತಿಪಾದನೆಯನ್ನು ಪ್ರತಿವಾದಿಯು ಸಾರಾಸಗಟಾಗಿ ಅಲ್ಲಗಳೆಯುತ್ತಾನೆ.” “ಅದೂ ಇಂಗ್ಲಿಷೇ ಆಯ್ತಲ್ಲ ಮೇಷ್ಟ್ರೇ” ಎಂದರು ನ್ಯಾಯಾಧೀಶರು ಬೇಸರವಿಲ್ಲದೆ. “ವಾದಿ ಅಂದ್ರೆ ಯಾರು, ಅಲ್ಲಿ ಕೂತಿದಾರಲ್ಲ ಅವರು. ಪ್ರತಿವಾದಿ ನೀವು. ಅವರನ್ನ ನೋಡಿಕೊಂಡು, ಮನೆಯಲ್ಲಿ ಮಾತಾಡೋ ಹಾಗೆ ಹೇಳಿ.”

ಅವರು ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ ಪೂರ್ತಿ ಮುಖ. ಅವಳು ಬಹಳ ಮುದುಕಿಯಾಗಿದ್ದಳು, ಅವ್ವನ ಹಾಗೆ ಆಗಿದ್ದಳು. ಇಂಗ್ಲಿಷಿನಲ್ಲಿ ಅಷ್ಟು ಠೀವಿಯಿಂದ ಬಂದು ಕೂತಿದ್ದ ಮಾತು ಕನ್ನಡಕ್ಕೆ ಬಂದರೆ ನಾಲ್ಕೇ ನಾಲ್ಕು ಪದ. ಆ ನಾಲ್ಕು ಪದಕ್ಕೆ ಕೋಟಿಲ್ಲ, ಅರ್ಧವಿರಾಮವಿಲ್ಲ, ಮರೆಗೆ ಹಿಡಿಯಲು ಪೇಪರೂ ಇಲ್ಲ. ಮೈ ಬೆವತು ಜೇಬಿಗೆ ಕೈಹಾಕಿದರೆ ನಿಂಬೆಹಣ್ಣು ಸಿಕ್ಕಿತು. “ಇವಳು ನನ್ನ” ಎಂದರು. ಮುಂದಕ್ಕೆ ಹೋಗಲಿಲ್ಲ. ಇಡೀ ಕೋರ್ಟು ಕಾಯುತ್ತಿತ್ತು, ಟೈಪಿಸ್ಟಿನ ಬೆರಳು ಗಾಳಿಯಲ್ಲಿ ನಿಂತಿತ್ತು. ಆಗ ಅವಳ ತುಟಿ ಆಡಿತು. ಜನರೆದುರು ತಮ್ಮ ಮಾತು ಸಿಗದೆ ನಿಂತುಬಿಟ್ಟಿದ್ದಾನೆಂದು ಅವಳಿಗೆ ಸಂಕಟವಾಗಿತ್ತು, ಅಷ್ಟೇ. ಸದ್ದಿಲ್ಲದೆ, ಬಿಡಿಸಿ ಬಿಡಿಸಿ, ಅವಳು ಹೇಳಿಕೊಡುತ್ತಿದ್ದಳು: ಅಕ್ಕ ಅಲ್ಲ. ಅವರಿಗೆ ಕಣ್ಣು ಮಂಜಾಗಿ ತುಟಿ ಸರಿಯಾಗಿ ಕಾಣಲಿಲ್ಲ.

“ಮುಂದೆ ಎಂತ ಅಕ್ಕ?” ಎಂದರು ಸೀತಾರಾಮಪ್ಪನವರು.

ಪೂರ್ಣೇಶ ಕೂತುಬಿಟ್ಟ. ಅಪರ್ಣಾ ಮುಂದಿನ ಪ್ರಶ್ನೆ ಕೇಳಲಿಲ್ಲ, ಕಡತ ಮುಚ್ಚಿದಳು. “ಅಮ್ಮ, ನೀವು ಹೇಳಿಕೊಡೋ ಹಾಗಿಲ್ಲ” ಎಂದರು ನ್ಯಾಯಾಧೀಶರು. ವಾಗ್ದೇವಿ ಎದ್ದು ನಿಂತು, “ತಪ್ಪಾಯ್ತು ಸ್ವಾಮಿ, ಹಳೇ ಅಭ್ಯಾಸ” ಎಂದಳು. ನ್ಯಾಯಾಧೀಶರು ಇಬ್ಬರನ್ನೂ ನೋಡಿ, ಸಾಕ್ಷಿಯು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳುವಂತೆ ಟೈಪಿಸ್ಟಿಗೆ ಹೇಳಿದರು. ಅವನು ಬರೆದುಕೊಂಡ.

ಹಾಳೆ ಹೊರಗೆ ಬಂತು. ಕೊನೆಯಲ್ಲಿ ಎಲ್ಲರ ಸಾಕ್ಷಿಗೂ ಇರುವ ಸಾಲು: ಓದಿ ಹೇಳಲಾಯಿತು, ಕೇಳಿದ್ದು ಸರಿ ಇದೆ. “ತಪ್ಪೇನಾದ್ರೂ ಇದ್ರೆ ಈಗ್ಲೇ ಹೇಳ್ಬೇಕು ಸಾರ್, ತಿದ್ದೋಣ” ಎಂದ ಗುಮಾಸ್ತ. ಸೀತಾರಾಮಪ್ಪನವರು ಅಭ್ಯಾಸದಂತೆ ಹಸಿರು ಪೆನ್ನು ತೆಗೆದು ಮೇಲಿನಿಂದ ಕೆಳಗಿನವರೆಗೆ ಓದಿದರು. ಅಪ್ಪ ಟೈಪಿಸ್ಟಲ್ಲ, ಮನೆ ಅಪ್ಪನದಲ್ಲ ಎಂಬ ಎರಡು ಸಾಲಿಗೆ ಅಡ್ಡ ಗೆರೆ ಎಳೆಯಬೇಕು, ಸರಿ ಎಂದು ಬರೆಯಬೇಕು ಎಂದರು. ‘ಮುಂದೆ ಎಂತ ಅಕ್ಕ’ ಎಂಬ ತಮ್ಮ ಕೊನೆಯ ಉತ್ತರದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. “ಹಸಿರು ನಡೆಯಲ್ಲ ಸಾರ್ ಇಲ್ಲಿ, ನೀಲಿ ಬೇಕು” ಎಂದ ಗುಮಾಸ್ತ. ಜೇಬು ತಡಕಿದರು, ಇರಲಿಲ್ಲ. ವಾಗ್ದೇವಿ ಕುಂಟುತ್ತ ಹತ್ತಿರ ಬಂದು, ಪ್ಲಾಸ್ಟಿಕ್ ಕವರಿನೊಳಗೆ ಕೈಹಾಕಿ, ಶಾಲೆಯ ದಾಖಲೆ, ವಂಶವೃಕ್ಷ ಎಲ್ಲ ಪಕ್ಕಕ್ಕೆ ಸರಿಸಿ ಒಂದು ನೀಲಿ ಪೆನ್ನು ಹುಡುಕಿ ಕೊಟ್ಟಳು.

“ಮರೀದೆ ವಾಪಸ್ ಕೊಡು” ಎಂದಳು. “ತಗಂಡಿದ್ದು ಕೊಡೋ ಅಭ್ಯಾಸ ನಿಂಗಿಲ್ಲ.”

ಸೀತಾರಾಮಪ್ಪನವರು ‘ಸರಿ ಇದೆ’ ಎಂಬುದರ ಕೆಳಗೆ ರುಜು ಹಾಕಿ, ಮುಚ್ಚಳ ಮುಚ್ಚಿ, ಪೆನ್ನನ್ನು ಅಕ್ಕನ ಕೈಗೆ ಕೊಟ್ಟರು.